ಟಗರಿನ ಮೈ ಬೆಳೆದಿದೆ, ಕೊಂಬು ಯಾಕೆ ಬೆಳೆದಿಲ್ಲ?

ಕುಷ್ಟಗಿ ಕುರಿಹಟ್ಟಿ: ನಮ್ಮಲ್ಲಿ ಎರಡು ಕೆಂಗುರಿ ಟಗರು ಇವೆ. ವಯಸ್ಸು ಹೆಚ್ಚುಕಮ್ಮಿ ಒಂದೇ. ಒಂದರ ಕೊಂಬು ಕಿವಿ ಸುತ್ತಿ ಬಂದಿದೆ. ಇನ್ನೊಂದು ತೂಕದಲ್ಲಿ ಜಾಸ್ತಿ, ಆದರೆ ಕೊಂಬು ಮಾತ್ರ ಹೆಬ್ಬೆರಳುದ್ದಕ್ಕೇ ನಿಂತಿದೆ. ನ್ಯೂಜಿಲೆಂಡಿನ ಜಿಂಕೆ ಫಾರ್ಮ್ ವಿಡಿಯೋ ಒಂದರಲ್ಲಿ ಮೈ ದೊಡ್ಡದಾದಷ್ಟೂ ಕೊಂಬು ದೊಡ್ಡದು ಅಂದರು. ಹಸುವಿಗೆ ತಂದ ಮಿನರಲ್ ಪುಡಿ ಮನೆಯಲ್ಲಿದೆ, ಇದಕ್ಕೂ ಹಾಕಲಾ?

ಸಿಂಧನೂರು ಹಟ್ಟಿ: ಮೊದಲು ಆ ಪುಡಿ ಪಕ್ಕಕ್ಕಿಡಿ ಅಣ್ಣ. ಹಸುವಿನ ಪುಡಿಯಲ್ಲಿರುವ ತಾಮ್ರ ಕುರಿಯ ಲಿವರ್‌ನಲ್ಲಿ ಕೂಡುತ್ತಾ ಹೋಗುತ್ತದೆ. ಕೊನೆಗೆ ಜೀವಕ್ಕೇ ಕುತ್ತು.

ವಿಡಿಯೋದವರು ಹೇಳಿದ್ದು ಸುಳ್ಳಲ್ಲ. ಜಿಂಕೆ ಜಾತಿಯಲ್ಲಿ ಮೈತೂಕ ಎರಡರಷ್ಟಾದರೆ ಕೊಂಬಿನ ತೂಕ ಎರಡರಷ್ಟಕ್ಕಿಂತ ಜಾಸ್ತಿಯೇ ಆಗುತ್ತದೆ. ಇಂಗ್ಲೆಂಡಿನ ಜೀವವಿಜ್ಞಾನಿ ಜೂಲಿಯನ್ ಹಕ್ಸ್ಲಿ 1931ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಕೆಂಪು ಜಿಂಕೆ ಮರಿಗೆ ಕೊಂಬಿನ ಬುಡ ಮೂಡುವುದಕ್ಕೂ ಮೈ ಒಂದು ತೂಕ ಮುಟ್ಟಿರಬೇಕು. ಒಂದೇ ಕಾಲಕ್ಕೆ ಹುಟ್ಟಿದ ಮರಿಗಳಲ್ಲಿ ಗಟ್ಟಿಮುಟ್ಟಾದದ್ದಕ್ಕೇ ಮೊದಲು ಮೂಡುತ್ತದೆ. ಮೇವು ಕಡಿಮೆಯಾದರೆ ಮೊದಲು ಮೈಗೆ, ಉಳಿದದ್ದು ಕೊಂಬಿಗೆ.

ಆದರೆ ಜಿಂಕೆಯ ಕೊಂಬು ಪೂರ್ತಿ ಮೂಳೆ. ವರ್ಷಕ್ಕೊಮ್ಮೆ ಬಿದ್ದು, ಮೂರ್ನಾಲ್ಕು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಅಷ್ಟು ಬೇಗ ಬೆಳೆಯಬೇಕಲ್ವಾ, ಪಕ್ಕೆಲುಬಿನ ಸುಣ್ಣವನ್ನೂ ಎಳೆದುಕೊಳ್ಳುತ್ತದೆ. ಟಗರಿನದು ಹಾಗಲ್ಲ. ಒಳಗೆ ಮೂಳೆ, ಮೇಲೆ ಉಗುರಿನಂಥ ಕವಚ. ಬೀಳುವುದಿಲ್ಲ, ಬುಡದಿಂದ ಬೆಳೆಯುತ್ತಲೇ ಇರುತ್ತದೆ.

ಒಂದು ಮಾತು ಕೇಳುತ್ತೇನೆ. ಆ ದಪ್ಪ ಟಗರಿಗೆ ಬೀಜ ಒಡೆಸಿದ್ದೀರಾ?

ಕುಷ್ಟಗಿ ಕುರಿಹಟ್ಟಿ: ಹೌದ್ರೀ, ಮರಿ ಇದ್ದಾಗಲೇ. ಮಾಂಸಕ್ಕೆ ಅಂತ ಬಿಟ್ಟಿದ್ದು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸಿಂಧನೂರು ಹಟ್ಟಿ: ಅದೇ ಕಾರಣ ನೋಡಿ! ಟಗರಿನ ಕೊಂಬು ದಪ್ಪಗೆ ಸುತ್ತಿ ಬರಲು ಗಂಡು ಹಾರ್ಮೋನು ಬೇಕು. ಜಿಂಕೆಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ: ಬುಡ ಮೂಡುವ ಮೊದಲೇ ಬೀಜ ತೆಗೆದರೆ ಕೊಂಬೇ ಬರುವುದಿಲ್ಲ. ಕೊಂಬು ಮೆತ್ತಗಿರುವಾಗ ಬೀಜ ತೆಗೆದರೆ ಮೇಲಿನ ತುಪ್ಪಳದ ಚರ್ಮ ಉದುರುವುದೇ ಇಲ್ಲ, ಕೊಂಬು ಗಟ್ಟಿಯಾಗುವುದೂ ಇಲ್ಲ. ನಿಮ್ಮದಕ್ಕೆ ಈಗ ಏನು ಹಾಕಿದರೂ ಕೊಂಬು ಸುತ್ತಿ ಬರುವುದಿಲ್ಲ. ಸುಮ್ನೆ ದುಡ್ಡು ದಂಡ.

ಗಂಗಾವತಿ ಟಗರು: ನಡುವೆ ಬಂದೆ, ಬೇಜಾರಾಗಬೇಡಿ. ಬೀಜ ಒಡೆಸಿದ್ದಕ್ಕೆ ಕಾಳು, ತೌಡು ಜಾಸ್ತಿ ಹಾಕಿದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಶೇಂಗಾ ಹೊಟ್ಟು, ಜೋಳದ ಕಣಿಕೆ ಜಾಸ್ತಿ ಇರಲಿ, ನೀರು ಸದಾ ಮುಂದೆ ಇರಲಿ. ತಿಣುಕುತ್ತಾ ಹನಿ ಹನಿ ಉಚ್ಚೆ ಹೊಯ್ದರೆ ಅವತ್ತೇ ಡಾಕ್ಟರ್‌ಗೆ ತೋರಿಸಿ.

ಕುಷ್ಟಗಿ ಕುರಿಹಟ್ಟಿ: ತೌಡು ಇವತ್ತೇ ಕಡಿಮೆ ಮಾಡುತ್ತೇನೆ. ಪುಡಿ ಹಸುವಿಗೇ ಇರಲಿ.