ಸಹಾಯ ಬೇಕು: ರಸಸೂತ್ರ ಮಾಡಿ ತೋರಿಸುವವರು (ಮಾಟುಂಗಾ, ಮುಂಬೈ)

ನಮಸ್ಕಾರ. ಭರತನ ನಾಟ್ಯಶಾಸ್ತ್ರದ 6, 7ನೇ ಅಧ್ಯಾಯದ (ರಸ, ಭಾವ) ಪಾಠಕ್ಕೆ ಅಭಿನಯ ಬಲ್ಲವರೊಬ್ಬರು ಬೇಕು. ವಿಭಾವ (ಭಾವಕ್ಕೆ ಕಾರಣ), ಅನುಭಾವ (ಹೊರಗೆ ಕಾಣುವ ಚೇಷ್ಟೆ), ವ್ಯಭಿಚಾರಿ (ಬಂದುಹೋಗುವ ಭಾವ) ಸೇರಿದರೆ ರಸ ಎನ್ನುವುದೇ ರಸಸೂತ್ರ. ಭರತನಾಟ್ಯವಾಗಲಿ ಯಕ್ಷಗಾನವಾಗಲಿ, ಅಡ್ಡಿಯಿಲ್ಲ.

8 ಸ್ಥಾಯಿ (ನೆಲೆನಿಂತ), 33 ವ್ಯಭಿಚಾರಿ, 8 ಸಾತ್ತ್ವಿಕ (ಕಂಬನಿ, ನಡುಕದಂಥ) ಭಾವಗಳು ಮಕ್ಕಳಿಗೆ ಬಾಯಿಪಾಠ. ಎಡವುವುದು ಭಾವವನ್ನೇ ರಸ ಅಂದುಕೊಳ್ಳುವಲ್ಲಿ. ಶೋಕ ಪಾತ್ರದ್ದು, ಕರುಣರಸ ಸಹೃದಯನ (ನೋಡುವ ರಸಿಕನ) ಆಸ್ವಾದ ಎನ್ನುವ ವ್ಯಾಖ್ಯಾನಕಾರ ಅಭಿನವಗುಪ್ತನ ಮಾತು ಹಲಗೆಯ ಮೇಲೆ ಬರೆದರೆ ತಲೆಗೆ ಹೋಗುತ್ತಿಲ್ಲ.

ಮಾಡಬೇಕಾದ್ದು ಇಷ್ಟೇ: ಮಗು ಕಳಕೊಂಡ ತಾಯಿಯ ಸನ್ನಿವೇಶ, 3 ನಿಮಿಷದಂತೆ ಎರಡು ಸಲ. ಮೊದಲು ಬರೀ ಅಳು. ಆಮೇಲೆ ಮೂರನ್ನೂ ಸೇರಿಸಿ: ವಿಭಾವಕ್ಕೆ ಖಾಲಿ ತೊಟ್ಟಿಲು, ಅನುಭಾವಕ್ಕೆ ತೂಗಲು ಹೋಗಿ ಅರ್ಧಕ್ಕೇ ನಿಂತ ಕೈ, ವ್ಯಭಿಚಾರಿಗೆ ನಡುವೆ ಸ್ಮೃತಿಯ (ನೆನಪಿನ) ಸಣ್ಣ ನಗು. ವಿಭಾವವಿಲ್ಲದ ಕಣ್ಣೀರು ಈರುಳ್ಳಿ ಹೆಚ್ಚಿದವರ ಕಣ್ಣೀರೇ ಸರಿ! ವೇಷಭೂಷಣ ಬೇಡ, ಹಾಡು ಬೇಡ.

ಭಾನುವಾರ ಬೆಳಗ್ಗೆ ಬಿಡುವಿದ್ದವರು ದಯವಿಟ್ಟು ಇಲ್ಲೇ ತಿಳಿಸಿ. ಲೋಕಲ್ ಖರ್ಚು, ಊಟ ನಮ್ಮದು.