ಕೂಲಿಮಠದ ‘ಕೂಲಿ’ ಯಾರದ್ದು?

ಎಲ್ಲರಿಗೂ ನಮಸ್ಕಾರ.

ಬಿ.ಎಡ್. ಓದುವವರಿಗೆ ನಾನು ಶಿಕ್ಷಣದ ಇತಿಹಾಸ ಹೇಳಿಕೊಡುತ್ತೇನೆ. ಮೊನ್ನೆ ಹಲಗೆಯ ಮೇಲೆ ‘ಕೂಲಿಮಠ’ ಅಂತ ಬರೆದೆ. ಹಿಂದಿನ ಕಾಲದ ಊರ ಶಾಲೆಗೆ ಇದ್ದ ಹೆಸರು ಅದು. ‘ಅಲ್ಲಿ ಮಕ್ಕಳು ಕೂಲಿ ಮಾಡಿ ಓದ್ತಿದ್ರಾ ಮೇಡಂ?’ ಎಂದು ಒಬ್ಬಳು ಕೇಳಿದಳು. ಅವಳದ್ದು ತಪ್ಪಲ್ಲ. ಕೂಲಿ ಎಂದರೆ ಈಗ ಕಣ್ಣಮುಂದೆ ಬರುವುದು ಹೊಲದ ಕೆಲಸ, ಗಾರೆ ಕೆಲಸ, ಅಲ್ವಾ?

ನನ್ನ ತಿಳಿವಳಿಕೆಯಲ್ಲಿ ಆ ಕೂಲಿ ಕಲಿಸುವ ಐಗಳದ್ದು, ಅಂದರೆ ಮೇಷ್ಟ್ರದ್ದು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಅಲ್ಲಿನ ಶಾಲೆಗಳ ಬಗ್ಗೆ ಮದರಾಸಿಗೆ ಒಂದು ವರದಿ ಕಳಿಸಿದರು. ಜಿಲ್ಲೆಯಲ್ಲಿ ಆಗ 533 ಶಾಲೆಗಳು. ಅದರಲ್ಲಿ 235 ಕನ್ನಡದವು, 226 ತೆಲುಗಿನವು. ಮಗು ಮರಳಿನ ಮೇಲೆ ತಿದ್ದುವಷ್ಟು ಕಾಲ ಮೇಷ್ಟ್ರಿಗೆ ತಿಂಗಳಿಗೆ ಕಾಲು ರೂಪಾಯಿ. ಕಾಗದಕ್ಕೆ ಬಂದು ದೊಡ್ಡ ಲೆಕ್ಕ ಶುರುಮಾಡಿದರೆ ಅರ್ಧ ರೂಪಾಯಿ. ಮಕ್ಕಳ ಮನೆಯಿಂದ ಬರುವ ಈ ಹಣವನ್ನೇ ಜನ ಕೂಲಿ ಅಂದಿರಬೇಕು.

ಅದೇ ಇಂಗ್ಲಿಷ್ ವರದಿಯಲ್ಲಿ ನಮ್ಮ ಮೂರು ಪದಗಳು ಹಾಗೇ ಕೂತಿವೆ: ಹಲಗೆ, ಕಡತ, ಬಳಪ. ಕಾಗುಣಿತ ಸ್ವಲ್ಪ ಕೆಟ್ಟಿದೆ, ಆದರೂ ಓದಿದಾಗ ತುಂಬಾ ಖುಷಿಯಾಯಿತು. ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದ ಹಾಗೆ ಮಡಚಿ, ಇದ್ದಿಲು ಮತ್ತು ಅಂಟು ಬಳಿದರೆ ಕಡತ. ಅದರ ಮೇಲೆ ಬಳಪದಲ್ಲಿ ಬರೆದು ಅಳಿಸಬಹುದು. ಹಲಗೆ, ಬಳಪ ಶಾಲೆಯಲ್ಲೇ ಉಳಿದವು. ಕಡತ ಮಾತ್ರ ಸರ್ಕಾರಿ ಕಚೇರಿ ಸೇರಿ ಫೈಲ್ ಆಯಿತು. ಇದನ್ನು ಹೇಳಿದಾಗ ತರಗತಿಯಲ್ಲಿ ಎಲ್ಲರೂ ಕಿವಿ ನೆಟ್ಟಗೆ ಮಾಡಿ ಕೂತಿದ್ದರು.

ಪಾಠದ ಟಿಪ್ಪಣಿಯಲ್ಲಿ ಇಂಥ ಶಾಲೆಗೆ ‘ಗುರುಕುಲ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಗುರುಕುಲದಲ್ಲಿ ಶಿಷ್ಯರು ಗುರುವಿನ ಮನೆಯಲ್ಲೇ ಇರುತ್ತಾರೆ. ಇಲ್ಲಿ ಮಕ್ಕಳು ಬೆಳಿಗ್ಗೆ ಆರಕ್ಕೆ ಬಂದು, ಪಾಠ ಮುಗಿಸಿ ಮನೆಗೆ ಹೋಗುತ್ತಿದ್ದರು. ‘ದೇಶೀಯ ಶಾಲೆ’ ಸುಮ್ನೆ ಇಂಗ್ಲಿಷಿನ ಅನುವಾದ, ಊರಿನವರು ಯಾರೂ ಹಾಗೆ ಕರೆದಿರಲಾರರು. ‘ಕೂಲಿಮಠ’ವನ್ನೇ ಉಳಿಸಿಕೊಂಡು, ಮೊದಲ ಸಲ ಬಂದಾಗ ಅರ್ಥ ಬಿಡಿಸಿ ಹೇಳುವುದು ಜಾಸ್ತಿ ಸರಿ ಅನ್ನಿಸುತ್ತದೆ.

ನಿಮ್ಮ ಕಡೆಯ ಹಿರಿಯರು ಏನೆನ್ನುತ್ತಿದ್ದರು? ಕೂಲಿಮಠವೋ, ಐಗಳ ಮಠವೋ, ಬರೀ ಮಠವೋ? ಮೇಷ್ಟ್ರಿಗೆ ಕೊಡುವ ಹಣಕ್ಕೆ ‘ಕೂಲಿ’ ಎಂಬ ಮಾತನ್ನು ಯಾರಾದರೂ ಕೇಳಿದ್ದೀರಾ? ಇನ್ನೊಂದು. ಆ ಶಾಲೆಗಳಲ್ಲಿ ಮುಂದಿರುವ ಹುಡುಗರೇ ಚಿಕ್ಕವರಿಗೆ ಕಲಿಸುತ್ತಿದ್ದರು. ಕ್ಯಾಂಬೆಲ್ ಅದನ್ನು ತುಂಬಾ ಮೆಚ್ಚಿದ್ದಾರೆ. ಅಂಥ ಹುಡುಗನಿಗೆ ನಿಮ್ಮೂರಲ್ಲಿ ಏನು ಹೆಸರಿತ್ತು?