ನುಡಿ, ಪೇಜ್‌ಮೇಕರ್ ಫೈಲುಗಳ ಗಂಟು ಹೊತ್ಕೊಂಡು ಲಿನಕ್ಸಿಗೆ ಬಂದಿದ್ದೀನಿ, ಎಲ್ಲಿ ಇಳಿಸ್ಲಿ?

ಅಕ್ಷರದಂಗಡಿ_ಸಾಗರ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನಂದೊಂದು ಡಿಟಿಪಿ-ಜೆರಾಕ್ಸ್ ಅಂಗಡಿ, 2006ರಿಂದ. ಮದುವೆ ಕಾಗದ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಕಾರ್ಡು, ಬಾಡಿಗೆ ಕರಾರು, ಸಹಕಾರಿ ಸಂಘದ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಏನು ಬಂದ್ರೂ ಮಾಡ್ತೀನಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತಲ್ಲ, ನನ್ನ ಮಿಷನ್ನು ವಿಂಡೋಸ್ 11ಕ್ಕೆ ಆಗಲ್ಲ ಅಂತು. ಹೊಸದು ತಗೊಂಡ್ರೆ ಮೈಕ್ರೋಸಾಫ್ಟ್ ಆಫೀಸಿಗೂ ದುಡ್ಡು. ಪುಟ ಜೋಡಿಸೋ ಪೇಜ್‌ಮೇಕರ್ ಕಥೆ ಕೇಳ್ಬೇಡಿ, ಯಾವ ಕಾಲದಲ್ಲೋ ಯಾರೋ ಹಾಕಿಕೊಟ್ಟು ಹೋಗಿದ್ದು. ದೀಪಾವಳಿಗೆ ಬಂದ ಅಣ್ಣನ ಮಗ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಜೆರಾಕ್ಸ್ ಮಿಷನ್ನು, ಪ್ರಿಂಟರು ಎರಡೂ ತಕರಾರಿಲ್ಲದೆ ಓಡ್ತಿವೆ. ಅಲ್ಲಿವರೆಗೆ ಖುಷಿ.

ಆಮೇಲೆ ಸಂಘದ ಹಳೇ ವರದಿಯನ್ನ ವರ್ಡ್ ಥರದ್ದೇ ಲಿಬ್ರೆಆಫೀಸಲ್ಲಿ ತೆರೆದೆ. ಕನ್ನಡ ಅಂತ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆ ಮೇಲೆ ಗೆರೆ ಹೊತ್ತ ಎ, ಅದರ ಪಕ್ಕ ಪೌಂಡಿನ ಗುರುತು! ಪುಟದ ತುಂಬ ಇದೇ, ಕೆಳಗೆಲ್ಲ ಕೆಂಪು ಗೆರೆ ಬೇರೆ. ಎದುರಿಗೆ ಕೂತಿದ್ದ ಸಂಘದ ಕಾರ್ಯದರ್ಶಿ "ಏನಮ್ಮಾ, ನಮ್ಮ ಸಂಘ ಯಾವಾಗಿಂದ ಪೌಂಡಲ್ಲಿ ಸಾಲ ಕೊಡ್ತು?" ಅಂದ್ರು. ಎಲ್ಲಾ ಸೆಲೆಕ್ಟ್ ಮಾಡಿ ನೋಟೊ ಕನ್ನಡ ಫಾಂಟ್ ಕೊಟ್ಟೆ. ಒಂದಕ್ಷರ ಅಲ್ಲಾಡಲಿಲ್ಲ.

ಹಳೇ ಹಾರ್ಡ್‌ಡಿಸ್ಕ್ ಅಳಿಸಿಲ್ಲ, ತೆಗೆದಿಟ್ಟಿದ್ದೀನಿ. ಅದರಲ್ಲಿ ನುಡಿಯಲ್ಲಿ (ಕನ್ನಡ ಟೈಪಿಂಗ್ ತಂತ್ರಾಂಶ) ಟೈಪ್ ಮಾಡಿದ ವರ್ಡ್ ಫೈಲು ಲೆಕ್ಕವಿಲ್ಲದಷ್ಟು, ಪೇಜ್‌ಮೇಕರ್ 7ರ ಫೈಲು ಸಾವಿರದ ಮೇಲಿದಾವೆ. ಇವನ್ನೆಲ್ಲ ಹೇಗೆ ತರೋದು? ಇನ್ನೊಂದು, ನನ್ನ ಬೆರಳಿಗೆ ಗೊತ್ತಿರೋದು ನುಡಿ ಕೀಲಿಮಣೆ ಒಂದೇ. ಎಫ್ ಒತ್ತಿದ್ರೆ ಒತ್ತಕ್ಷರ ಬರಬೇಕು. ಈ ವಯಸ್ಸಲ್ಲಿ ಬೇರೆ ಕಲಿಯಕ್ಕೆ ಆಗಲ್ಲ.

ಮೊಳೆಜೋಡಣೆ

ಅಕ್ಕಾ, ಗಾಬರಿ ಬೇಡ, ಫೈಲು ಹಾಳಾಗಿಲ್ಲ. ನುಡಿಯ ಹಳೇ ಫಾಂಟುಗಳದ್ದು ವೇಷ ಕಟ್ಟೋ ಕೆಲಸ. ಫೈಲಿನ ಒಳಗೆ ಕೂತಿರೋದು ಇಂಗ್ಲಿಷ್ ಅಕ್ಷರ, ಯುರೋಪಿನ ಗುರುತುಗಳೇ. ಆ ಫಾಂಟು ಪೌಂಡ್ ಗುರುತಿನ ಜಾಗದಲ್ಲಿ ನ ಕಾರದ ಚೂರು ಬರೆದು ತೋರಿಸುತ್ತೆ. ಫಾಂಟ್ ಇಲ್ಲದ ಮಿಷನ್ನಲ್ಲಿ ವೇಷ ಕಳಚುತ್ತೆ, ಅಷ್ಟೇ. ನೋಟೊ ಯೂನಿಕೋಡ್ ಫಾಂಟು (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರೋ ಪದ್ಧತಿ), ಅದರ ಕಣ್ಣಿಗೆ ಪೌಂಡು ಪೌಂಡೇ. ಇದು ಲಿನಕ್ಸಿನ ತಪ್ಪಲ್ಲ, ನುಡಿ ಹಾಕದ ವಿಂಡೋಸಲ್ಲೂ ಹೀಗೇ ಕಾಣೋದು.

ಹಾಗಾಗಿ ಮೊದಲ ಕೆಲಸ: ಹಳೇ ಡಿಸ್ಕಿನ ವಿಂಡೋಸ್ ಫಾಂಟ್ಸ್ ಫೋಲ್ಡರಿನಿಂದ ನುಡಿ ಹೆಸರಿನ ಟಿಟಿಎಫ್ ಫೈಲುಗಳನ್ನೆಲ್ಲ ತಂದು ಮಿಂಟಲ್ಲಿ ಒಂದೊಂದನ್ನೇ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿ. ಲಿಬ್ರೆಆಫೀಸ್ ಮುಚ್ಚಿ ತೆರೆಯಿರಿ. ಕಾರ್ಯದರ್ಶಿಗಳ ಲೆಕ್ಕ ಮತ್ತೆ ರೂಪಾಯಿಗೆ ಬರುತ್ತೆ. ಓದೋಕೆ, ಪ್ರಿಂಟ್ ಹಾಕೋಕೆ ಇಷ್ಟೇ ಸಾಕು.

ಎಲ್ಲವನ್ನೂ ಯೂನಿಕೋಡಿಗೆ ಹಾಕ್ತೀನಿ ಅಂತ ಹೊರಡಬೇಡಿ. ನಾನು ಹೊರಟು ಎರಡು ತಿಂಗಳು ಕಳ್ಕೊಂಡೆ. 2011ರ ಗೃಹಪ್ರವೇಶದ ಕಾರ್ಡು ಮತ್ತೆ ಯಾರಿಗೆ ಬೇಕು? ಗಿರಾಕಿ ಬಂದು ಕೇಳಿದ ಫೈಲನ್ನ ಅವತ್ತು ಬದಲಾಯಿಸಿ. ಅರವಿಂದ ವಿ.ಕೆ. ಅವರು ಮಾಡಿದ ಮುಕ್ತ ತಂತ್ರಾಂಶದ ಅಸ್ಕಿ-ಯೂನಿಕೋಡ್ ಪರಿವರ್ತಕ (ನುಡಿಯಂಥ ಹಳೇ ವೇಷದ ಅಕ್ಷರಕ್ಕೆ ಅಸ್ಕಿ ಅಂತಾರೆ) ಇದೆ, ಬ್ರೌಸರಲ್ಲೇ ನಡೆಯುತ್ತೆ. ಆದರೆ ಇಡೀ ಪುಟ ಎತ್ತಿ ಸುರೀಬೇಡಿ. ಮಧ್ಯದಲ್ಲಿರೋ ನಿಜವಾದ ಇಂಗ್ಲಿಷನ್ನೂ ಅದು ನುಡಿ ಅಂದ್ಕೊಂಡು ಕನ್ನಡ ಮಾಡಿಬಿಡುತ್ತೆ, ಇಮೇಲ್ ವಿಳಾಸ ಮಂತ್ರದ ಥರ ಆಗುತ್ತೆ. ಶ್ರೀಲಿಪಿ (ಇನ್ನೊಂದು ಕನ್ನಡ ತಂತ್ರಾಂಶ) ಫೈಲಿದ್ರೆ ಅದನ್ನ ಬೇರೆ ಇಡಿ, ಅದರ ಅಕ್ಷರ ನಕ್ಷೆ ಬೇರೆ.

ಬದಲಾದ ಮೇಲೆ ಅರ್ಕಾವತ್ತನ್ನ ಕಣ್ಣಿಟ್ಟು ನೋಡಿ. ನುಡಿಯಲ್ಲಿ ಅದು ಕಣ್ಣಿಗೆ ಕಂಡ ಹಾಗೆ ಅಕ್ಷರದ ಹಿಂದೆ ಕೂತಿರುತ್ತೆ, ಯೂನಿಕೋಡಿನಲ್ಲಿ ಉಚ್ಚರಿಸೋ ಕ್ರಮ, ರಕಾರ ಮುಂದೆ. ಮುಹೂರ್ತ, ಆಶೀರ್ವಾದ, ಮಾರ್ಗಶಿರ, ನಿಮ್ಮ ಕಾರ್ಡಿನ ತುಂಬ ಅವೇ ತಾನೆ?

ಕೀಲಿಮಣೆಗೆ ಐಬಸ್ (ಲಿನಕ್ಸಲ್ಲಿ ಬೇರೆ ಭಾಷೆ ಟೈಪ್ ಮಾಡಿಸೋ ತಂತ್ರಾಂಶ), ಜೊತೆಗೆ ಅದರ ಎಂ17ಎನ್ ಕೀಲಿಮಣೆ ಕಂತೆ ಹಾಕಿ ಕನ್ನಡದಲ್ಲಿ ಕೆಜಿಪಿ ಆರಿಸಿ. ನುಡಿಯಲ್ಲಿದ್ದ ಹಾಗೇ ಕೆ.ಪಿ. ರಾವ್ ಅವರ ವಿನ್ಯಾಸವೇ. ಎಫ್ ಒತ್ತಿದ್ರೆ ಒತ್ತಕ್ಷರ.

ಪುತ್ತೂರು_ಗುಮಾಸ್ತ

ಮೇಡಂ, ಯೂನಿಕೋಡಿಗೆ ಬಂದ ಮೇಲೆ ಇನ್ನೊಂದು ಗುಂಡಿ ಉಂಟು. ನಾನು ಬಿದ್ದಿದ್ದೇನೆ, ಹಾಗಾಗಿ ಹೇಳ್ತೇನೆ. ಲಿಬ್ರೆಆಫೀಸ್ ಒಂದೇ ಸಾಲಿಗೆ ಎರಡು ಫಾಂಟ್ ಇಟ್ಟುಕೊಳ್ತದೆ: ಇಂಗ್ಲಿಷಿನಂಥ ಪಾಶ್ಚಾತ್ಯ ಲಿಪಿಗೆ ಒಂದು, ನಮ್ಮಂಥ ಕಾಂಪ್ಲೆಕ್ಸ್ ಲಿಪಿಗೆ ಇನ್ನೊಂದು. ನುಡಿ ಅಕ್ಷರ ಅದರ ಲೆಕ್ಕದಲ್ಲಿ ಪಾಶ್ಚಾತ್ಯ. ನೀವು ತಲೆಬರಹಕ್ಕೆ 18 ಸೈಜು, ಬೋಲ್ಡ್ ಕೊಟ್ಟದ್ದು ಆ ಕಡೆಗೆ. ಅಕ್ಷರ ಯೂನಿಕೋಡ್ ಆದ ಕೂಡಲೇ ಈ ಕಡೆಗೆ ಬಂತು, ಇಲ್ಲಿ ಸೈಜು 12, ಬೋಲ್ಡ್ ಇಲ್ಲ. ಜನ "ಲಿಬ್ರೆಆಫೀಸ್ ಫಾರ್ಮ್ಯಾಟ್ ತಿಂತದೆ" ಅಂತ ಬೈಯುವುದು ಇದಕ್ಕೇ. ಸೆಟ್ಟಿಂಗಿನ ಭಾಷೆಗಳಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿ, ಸ್ಟೈಲಿನಲ್ಲೇ ಎರಡೂ ಕಡೆ ಫಾಂಟು-ಸೈಜು ಸಮ ಮಾಡಿ ಇಡಿ. ವರ್ಡಿನ ಡಾಕ್ಸ್ ಫೈಲಿನ ಒಳಗೂ ಈ ಎರಡು ಖಾತೆ ಬೇರೆ ಬೇರೆಯೇ. ಒಂದು ಬದಿ ಮಾತ್ರ ತುಂಬಿಸಿ ಕಳಿಸಿದರೆ ವರ್ಡಿನಲ್ಲಿ ತೆರೆದವರಿಗೆ ಬೋಲ್ಡ್ ಕಾಣುವುದಿಲ್ಲ.

ಮತ್ತೆ ಮೂಲ ಪ್ರತಿ ಲಿಬ್ರೆಆಫೀಸಿನ ಸ್ವಂತ ಒಡಿಟಿಯಲ್ಲೇ ಇರಲಿ. ಡಾಕ್ಸ್ ಕೇಳಿದವರಿಗೆ ಕೊನೆಗೆ ಒಂದು ಪ್ರತಿ ತೆಗೆದು ಕೊಡಿ. ಅದರಲ್ಲೇ ಆಚೆ-ಈಚೆ ಓಡಾಡಿಸಿದರೆ ಟೇಬಲ್ಲುಗಳು ಒಂದೊಂದು ಸಲ ಒಂದೊಂದು ಕೂದಲೆಳೆ ಸರಿಯುತ್ತಾ ಹೋಗ್ತವೆ. ನೋಡುವುದು ಮಾತ್ರ ಅಂತಾದರೆ ಪಿಡಿಎಫ್. ಎಕ್ಸ್‌ಪೋರ್ಟ್ ಮಾಡುವಾಗ ಹೈಬ್ರಿಡ್ ಅಂತ ಟಿಕ್ ಹಾಕಿದರೆ ಒಡಿಟಿ ಸಹ ಆ ಪಿಡಿಎಫ್ ಒಳಗೇ ಕೂರ್ತದೆ, ನನಗೆ ಭಾರಿ ಉಪಯೋಗ ಆಗಿದೆ. ಇಂಗ್ಲಿಷ್ ಪತ್ರದಲ್ಲಿ ಪುಟ ಸಂಖ್ಯೆ ಏರುಪೇರಾದರೆ ಕಾರ್ಲಿಟೊ ಫಾಂಟ್ ಇದೆಯಾ ನೋಡಿ, ಅದರ ಅಕ್ಷರದ ಅಗಲ ವರ್ಡಿನ ಕ್ಯಾಲಿಬ್ರಿಯಷ್ಟೇ.

ಹಾಳೆಹುಳು

ಪೇಜ್‌ಮೇಕರ್ ಬಗ್ಗೆ ಯಾರೂ ಬಾಯಿ ಬಿಡ್ಲಿಲ್ಲ. ಲಿಬ್ರೆಆಫೀಸ್ 4.4ರಿಂದ ಅದರ ಪಿಎಂಡಿ ಫೈಲನ್ನ ಡ್ರಾ (ಲಿಬ್ರೆಆಫೀಸಿನ ಚಿತ್ರ ಬಿಡಿಸೋ ಭಾಗ) ತೆರೆಯುತ್ತೆ. ತೆರೆಯುತ್ತೆ ಅಂದ್ರೆ ಅಷ್ಟೇ, ಮೊದಲಿನ ಹಾಗೆ ಇರುತ್ತೆ ಅಂತ ನಂಬ್ಕೊಂಡು ಗಿರಾಕಿ ಎದುರು ತೆರೀಬೇಡಿ. ನನಗೆ ಗೊತ್ತಿರೋ ದಾರಿ ಒಂದೇ: ಹಳೇ ಡಿಸ್ಕನ್ನ ನೆಟ್ ಇಲ್ಲದ ಯಾವುದಾದ್ರೂ ಹಳೇ ಪಿಸಿಗೆ ಹಾಕಿ, ಮುಖ್ಯವಾದವನ್ನೆಲ್ಲ ಪೇಜ್‌ಮೇಕರಿಂದಲೇ ಪಿಡಿಎಫ್ ಮಾಡ್ಕೊಳ್ಳಿ. ಹೊಸ ಕೆಲಸಕ್ಕೆ ಪುಟ ಜೋಡಿಸೋ ತಂತ್ರಾಂಶ ಸ್ಕ್ರೈಬಸ್. 1.4ರ ಕಾಲದ್ದು ಹಾಕಿ "ಒತ್ತಕ್ಷರ ಒಡೀತದೆ" ಅಂತ ಅಳಬೇಡಿ, ಕನ್ನಡ ಸರಿಯಾಗಿ ಕೂಡಿಸೋಕೆ ಶುರು ಮಾಡಿದ್ದು 1.5.3ರಿಂದ. 1.6 ಹಾಕಿ. ಪ್ರೆಸ್ಸಿನವರು ಕೇಳೋ ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣದ) ಪಿಡಿಎಫ್ ಕೊಡುತ್ತೆ, ಲಿಬ್ರೆಆಫೀಸ್ ಕೊಡಲ್ಲ.

ಒಂದು ಮಾತು: ಕೊರೆಲ್‌ಡ್ರಾ ಫೈಲೇ ಬೇಕು ಅಂತ ಕೂರೋ ಪ್ರೆಸ್ಸಾದ್ರೆ ನೀವು ಏನು ಮಾಡಿದ್ರೂ ಅಷ್ಟೇ. ಮೊದಲು ಅವರನ್ನ ಕೇಳಿ.

ಅಕ್ಷರದಂಗಡಿ_ಸಾಗರ (ಮೂರು ವಾರ ಬಿಟ್ಟು)

ಎಲ್ಲರಿಗೂ ಉಪಕಾರ. ಲಗ್ನದ ಸೀಸನ್ನು, ಬರೆಯಕ್ಕೆ ಪುರುಸೊತ್ತಾಗಿರಲಿಲ್ಲ.

ಫಾಂಟು ಹಾಕಿದ ಕೂಡ್ಲೆ ವರದಿ ಮೊದಲಿನ ಹಾಗೇ ಕಂಡಿತು. ಇಷ್ಟು ಸಣ್ಣ ಕೆಲಸಕ್ಕೆ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಕೆಜಿಪಿ ಕೀಲಿಮಣೇಲಿ ಮೊದಲ ದಿನವೇ ಬೆರಳು ಓಡಿತು. ಪುತ್ತೂರಿನವರು ಹೇಳಿದ ಎರಡು ಫಾಂಟಿನ ವಿಷಯ ಗೊತ್ತಿಲ್ಲದೇ ಇದ್ದಿದ್ರೆ ಲಿನಕ್ಸನ್ನೇ ಬೈದುಕೊಂಡು ವಾಪಸ್ ಹೋಗ್ತಿದ್ದೆ ಅನ್ಸುತ್ತೆ. ಪ್ರೆಸ್ಸಿನವರು ಪಿಡಿಎಫ್ ಸಾಕು ಅಂದ್ರು.

ಒಂದು ಕಡೆ ಎಡವಿದೆ, ಹೇಳಿಬಿಡ್ತೀನಿ. ಹಳೇ ಮದುವೆ ಕಾಗದವೊಂದನ್ನ ಯೂನಿಕೋಡ್ ಮಾಡಿ, ಅದೇ ಮನೆಯ ಎರಡನೇ ಮಗನ ಮದುವೆಗೆ ತಿದ್ದಿಕೊಟ್ಟೆ. ನೀವು ಹೇಳಿದ ಹಾಗೆ ಅರ್ಕಾವತ್ತನ್ನೆಲ್ಲ ಒಂದೊಂದಾಗಿ ನೋಡಿದೆ, ಎಲ್ಲ ಸರಿ. ಪ್ರೂಫಲ್ಲಿ ಹುಡುಗನ ಸೋದರಮಾವನ ಹೆಸರು "ರಾಜ್‌ಕುಮಾರ್" ಹೋಗಿ "ರಾಜ್ಕುಮಾರ್" ಆಗಿ ಕೂತಿತ್ತು, ಜ ಕಾರದ ಕಾಲಿಗೆ ಕ ಒತ್ತು ನೇತಾಡ್ತಾ. ನನ್ನ ಕಣ್ಣಿಗೆ ಬಿದ್ದಿಲ್ಲ, ಸೋದರಮಾವನ ಕಣ್ಣಿಗೇ ಬಿತ್ತು. ಪುಣ್ಯಕ್ಕೆ ಅಚ್ಚಿಗೆ ಹೋಗಿರಲಿಲ್ಲ. ನುಡಿ ಫಾಂಟಲ್ಲಿ ಅರ್ಧಾಕ್ಷರ ತನ್ನ ಪಾಡಿಗೆ ತಾನು ನಿಲ್ಲುತ್ತೆ, ಯೂನಿಕೋಡಲ್ಲಿ ಮುಂದಿನ ವ್ಯಂಜನವನ್ನ ಒತ್ತಾಗಿ ಎಳ್ಕೊಳ್ಳುತ್ತೆ. ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕಂತೆ, ಅಣ್ಣನ ಮಗ ಫೋನಲ್ಲಿ ಹೇಳಿಕೊಟ್ಟ. ಈಗ ಪ್ರೂಫ್ ತೆಗೆಯೋಕೆ ಮುಂಚೆ ಹೆಸರುಗಳನ್ನ ಮಾತ್ರ ಬೇರೆಯಾಗಿ ಗಟ್ಟಿಯಾಗಿ ಓದ್ತೀನಿ.

ಪೇಜ್‌ಮೇಕರಿಂದ ಇಲ್ಲಿವರೆಗೆ ಒಂದು ನೂರು ಪಿಡಿಎಫ್ ತೆಗೆದಿದ್ದೀನಿ. ಗಿರಾಕಿ ಇಲ್ಲದ ಮಧ್ಯಾಹ್ನ ಹತ್ತೋ ಹದಿನೈದೋ ಆಗುತ್ತೆ. ಮಿಕ್ಕಿದ್ದು ಡಿಸ್ಕಲ್ಲೇ ಇರಲಿ.

ಇನ್ನೊಂದೇ ಪ್ರಶ್ನೆ. ವೈಕುಂಠ ಸಮಾರಾಧನೆ ಕಾರ್ಡಿಗೆ ಹಾಕೋ ದೀಪದ ಚಿತ್ರ ಹಳೇ ಸಿಡಿಆರ್ (ಕೊರೆಲ್‌ಡ್ರಾ) ಫೈಲಲ್ಲಿದೆ. ಚಿತ್ರ ಬಿಡಿಸೋ ತಂತ್ರಾಂಶ ಇಂಕ್‌ಸ್ಕೇಪ್ ತೆರೆಯಿತು, ದೀಪ ಸರಿ ಇದೆ, ಬತ್ತಿ ಸರಿ ಇದೆ, ಜ್ವಾಲೆ ಮಾತ್ರ ಪೂರ್ತಿ ಕಪ್ಪು. ಯಾರಿಗಾದ್ರೂ ಹೀಗಾಗಿದ್ಯಾ?